ಜಾವಕದಕ್ಕ ತಡೆದ ಸೈನ್ಯ

ನಲವತ್ತು ಸಾವಿರ ಸೈನಿಕರನ್ನು, ಇನ್ನೂರು ಟ್ಯಾಂಕುಗಳನ್ನು, ತಲೆಯ ಮೇಲೆ ಗಿರಕಿ ಹೊಡೆಯುತ್ತಿದ್ದ ಒಂಬತ್ತು ಹೆಲಿಕಾಪ್ಟರುಗಳನ್ನು ನಮ್ಮ ಪುರಸಭೆಯ ಒಬ್ಬ ಹೆಂಗಸು ಕುರ್ಚಿಯಿಂದ ಏಳದೆ ವಾಪಸು ಕಳಿಸಿದಳು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಹೆಲಿಕಾಪ್ಟರ್ ಇರಲಿಲ್ಲ ಎನ್ನುವವರಿದ್ದಾರೆ. ಅವತ್ತು ಮಂಚದ ಕೆಳಗೆ ಅಡಗಿದ್ದವರಿಗೆ ಆಕಾಶ ಎಲ್ಲಿಂದ ಕಾಣಬೇಕು?

ಆಕೆಯನ್ನು ಎಲ್ಲರೂ ಜಾವಕದಕ್ಕ ಎಂದೇ ಕರೆಯುತ್ತಿದ್ದರು. ಪುರಸಭೆಯಿಂದ ಹೊರಗೆ ಹೋಗುವ ಪ್ರತಿ ಪತ್ರವೂ ಎಲ್ಲ ಮೇಜುಗಳನ್ನು ಸುತ್ತಿ, ಕಟ್ಟಕಡೆಗೆ ಆಕೆಯ ಮೇಜಿಗೆ ಬಂದು, ಜಾವಕ ಪುಸ್ತಕದಲ್ಲಿ ಒಂದು ಸಂಖ್ಯೆ ಪಡೆಯಬೇಕು. ಸಂಖ್ಯೆ ಬೀಳದ ಪತ್ರ ಬರೀ ಕಾಗದ.

ಇಪ್ಪತ್ತು ವರ್ಷದ ಹಿಂದಿನ ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸ್ ಇನ್ಸ್‌ಪೆಕ್ಟರು ಖುದ್ದಾಗಿ ಬಂದು ಆಕೆಯ ಮುಂದೆ ಒಂದು ಪತ್ರ ಬಡಿದರು. ಪಟ್ಟಣ ಕೈಮೀರಿದೆ, ಸೈನ್ಯ ಬರಲಿ ಎಂಬ ವಿನಂತಿ. ಕಾನೂನು ಸರಳವಾಗಿತ್ತು. ಪೊಲೀಸರ ಕೈಲಾಗದಿದ್ದಾಗ, ಜನ ಆರಿಸಿದ ಪುರಸಭೆ ಅಧ್ಯಕ್ಷರು ಬರೆದು ಕರೆದರೆ ಮಾತ್ರ ಸೈನ್ಯ ಸೇತುವೆ ದಾಟಬಹುದು. ಸೇತುವೆಯಾಚೆ ಮೇಜರ್ ಸಾಹೇಬರು ಲಾರಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಕಿಟಕಿಯ ಕೆಳಗಿನ ಚೌಕದಲ್ಲಿ, ಒಂದೇ ಆದೇಶಕ್ಕೆ ಕೆಲಸ ಕಳೆದುಕೊಂಡ ಮುನ್ನೂರು ನೀರು ಸರಬರಾಜಿನವರು ಧರಣಿ ಕೂತಿದ್ದರು. ಮೊದಲ ಸಾಲಿನಲ್ಲಿ ಜಾವಕದಕ್ಕನ ತಂಗಿ. ಏಳು ತಿಂಗಳ ಬಸುರಿ. ಪತ್ರಕ್ಕೆ ಸಂಖ್ಯೆ ಬಿದ್ದರೆ ಬಂದೂಕು ತಿರುಗುವುದು ಅವರತ್ತ.

ಪತ್ರವೂ ವಿಚಿತ್ರವಾಗಿತ್ತು. ಮೇಲಿನ ಸಾಲುಗಳು ಆರಾಮಾಗಿ ಕೈಕಾಲು ಚಾಚಿದ್ದವು. ಹಾಳೆಯ ನಡುವಿಗೆ ಬರುವಷ್ಟರಲ್ಲಿ ತುಂಬಿದ ಬಸ್ಸಿನ ಜನರಂತೆ ಒಂದರ ಮೇಲೊಂದು ಹತ್ತಿಕೊಂಡಿದ್ದವು. ಕೆಳಗೆ ಅರ್ಧ ಹಾಳೆ ಖಾಲಿ. ಇನ್ಸ್‌ಪೆಕ್ಟರ ಅವಸರ ಅಂಥದ್ದು!

ಸಹಿಯಂತೂ ಇರಲಿಲ್ಲ. ಅಧ್ಯಕ್ಷರು ಒಪ್ಪಿದ್ದರೆ ತಾನೇ? ಎಂಥ ಅಧ್ಯಕ್ಷರು! ಆರೂವರೆ ಅಡಿ ಎತ್ತರ, ಗುಡುಗಿನ ಕಂಠ. "ನಾನು ಓಟಿನಿಂದ ಬಂದವನು, ಲಾಠಿಯಿಂದಲ್ಲ!" ಎಂದು ಗರ್ಜಿಸಿದಾಗ ಕಚೇರಿಯ ಗೋಡೆ ಮೂರು ಕಡೆ ಬಿರುಕು ಬಿಟ್ಟಿತು.

ಆದರೂ ಇನ್ಸ್‌ಪೆಕ್ಟರು ಜಗ್ಗಲಿಲ್ಲ.

"ಸಂಖ್ಯೆ ಹಾಕಮ್ಮ."

"ಲಗತ್ತು: ಗಾಯಗೊಂಡ ಪೊಲೀಸರ ಪಟ್ಟಿ ಅಂತ ಬರ್ದಿದೀರಲ್ಲ ಸರ್. ಪಟ್ಟಿ ಎಲ್ಲಿ?"

"ಆಮೇಲೆ ಬರತ್ತೆ."

"ಹಾಗಾದ್ರೆ ಸಂಖ್ಯೆನೂ ಆಮೇಲೆ ಬರತ್ತೆ."

ಇನ್ಸ್‌ಪೆಕ್ಟರು ಹೊರಗೆ ಹೋಗಿ, ಕೆನ್ನೆಗೆ ಪಟ್ಟಿ ಅಂಟಿಸಿಕೊಂಡಿದ್ದ ಒಬ್ಬ ಪೇದೆಯನ್ನು ರಟ್ಟೆ ಹಿಡಿದು ತಂದರು.

"ಅಯ್ಯೋ ಪಾಪ, ಯಾರಪ್ಪ ಹೊಡ್ದಿದ್ದು?" ಜಾವಕದಕ್ಕ ಕೇಳಿದಳು.

"ಯಾರೂ ಇಲ್ಲಕ್ಕ, ಬೆಳಿಗ್ಗೆ ಗಡ್ಡ ಕೆರ್ಕೊಳ್ವಾಗ..." ಸಾಹೇಬರ ಮುಖ ನೋಡಿ ಪೇದೆ ಬಾಯಿ ಮುಚ್ಚಿದ.

"ಕೆಲ್ಸ ಕಳ್ಕೋತೀಯ ನೀನು!" ಇನ್ಸ್‌ಪೆಕ್ಟರು ಜಾವಕದಕ್ಕನತ್ತ ತಿರುಗಿ ಕೂಗಿದರು.

"ಕೆಲ್ಸದಿಂದ ತೆಗೀರಿ ಸರ್. ಆ ಆದೇಶಕ್ಕೂ ಜಾವಕ ಸಂಖ್ಯೆ ಬೇಕು. ಕೊಡೋಳು ನಾನೇ."

ಇಷ್ಟು ಹೇಳಿ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತಳು. ಕೂತವಳು ಮೂರು ಹಗಲು ಮೂರು ರಾತ್ರಿ ಏಳಲಿಲ್ಲ. ಗಡಿಯಾರದ ಪ್ರಕಾರ ಐದು ತಾಸು.

ಸಂಜೆ ನಾಲ್ಕಕ್ಕೆ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರು ಕೈಚಾಚುವಷ್ಟರಲ್ಲಿ ಆಕೆ ಎತ್ತಿಯಾಗಿತ್ತು.

"ಪತ್ರದ ಸಂಖ್ಯೆ ಎಷ್ಟು?" ಮೇಜರ್ ಕೇಳಿದರು.

"ಇಲ್ಲ ಸರ್. ಪತ್ರ ಹೊರಗೆ ಹೋಗಿಲ್ಲ."

ಮೇಜರ್ ಉಸಿರು ಬಿಟ್ಟದ್ದು ನಾಲ್ಕು ಬೀದಿಗೆ ಕೇಳಿಸಿತು. "ಹಾಗಾದ್ರೆ ನಾವೂ ಒಳಗೆ ಬರಲ್ಲಮ್ಮ. ಕರೀದೆ ಬಂದ್ರೆ ಅದು ಬೇರೇನೇ ಆಗತ್ತೆ."

ಲಾರಿಗಳು ತಿರುಗಿ ಹೋದವು. ಮುಂದಿನ ವಾರ ಮುನ್ನೂರು ಮಂದಿಯೂ ಕೆಲಸಕ್ಕೆ ಮರಳಿದರು.

ಹೋದ ಶನಿವಾರ ಜಾವಕದಕ್ಕನ ನಿವೃತ್ತಿ ಸಮಾರಂಭ. ವೇದಿಕೆ ಹತ್ತಿ ಇದನ್ನೆಲ್ಲ ಇನ್ನೂ ಸೊಗಸಾಗಿ ಹೇಳಿದೆ. ಟ್ಯಾಂಕುಗಳನ್ನು ಐನೂರು ಮಾಡಿದ್ದೆ. ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ಸಾಲಿನಿಂದ ಆಕೆ ಎದ್ದಳು. ಪಕ್ಕದಲ್ಲಿ ತಂಗಿ, ತಂಗಿಯ ಪಕ್ಕದಲ್ಲಿ ಎದೆಯೆತ್ತರ ಬೆಳೆದ ಮಗಳು.

"ಒಂದು ಅನುಮಾನ ಸರ್. ಸಹಿ ಬೀಳದ ಪತ್ರ ನನ್ನ ಮೇಜಿನ ತನಕ ಬರೋದೇ ಇಲ್ವಲ್ಲ? ಸಹಿ ಇಲ್ದೇ ಇದ್ದಿದ್ರೆ ಇನ್ಸ್‌ಪೆಕ್ಟರು ನನ್ನ ಹತ್ರ ಸಂಖ್ಯೆ ಕೇಳೋಕೆ ಯಾಕೆ ಬರ್ತಿದ್ರು?"

ಎಲ್ಲರೂ ವೇದಿಕೆಯ ಮೇಲಿದ್ದ ಮಾಜಿ ಅಧ್ಯಕ್ಷರತ್ತ ನೋಡಿದರು. ಅಂದರೆ ನನ್ನತ್ತ. ಎತ್ತರ ಐದೂಕಾಲು ಅಡಿ.

ಮೈಕು ಬಿಟ್ಟು ಓಡೋಣವೆಂದರೆ ಮೆಟ್ಟಿಲು ಇದ್ದದ್ದು ಆಕೆಯ ಕಡೆಗೇ.

"ಸಹಿ ಇತ್ತಕ್ಕ," ಎಂದೆ. "ಪತ್ರ ಟೈಪಾಗೋಕೆ ಮುಂಚೆನೇ, ಖಾಲಿ ಹಾಳೆ ನಡುವೆ ಹಾಕಿ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟು, ಮನೆಗೆ ಹೋಗಿ ಚಿಲಕ ಹಾಕ್ಕೊಂಡಿದ್ದೆ."