ಯಜಮಾನರ ಮನೆಯ ಮಗು

ಕಾಡಿನ ಪಡೆಯವರು ಮನೆಗೊಂದು ಮಗುವಿನಂತೆ ಆ ಊರಿನಿಂದ ಎಳೆದೊಯ್ದವರಲ್ಲಿ ತಿರುಗಿ ಬಂದವಳು ಅವಳೊಬ್ಬಳೇ. ಮೂರು ವರ್ಷ ಬಂದೂಕು ಹೊತ್ತಿದ್ದ ಆ ಹುಡುಗಿಯನ್ನು ನಾನು ಒಂಬತ್ತನೇ ತರಗತಿಗೆ ಸೇರಿಸಿಕೊಂಡೆ. ಮೊದಲ ದಿನವೇ ಊರಿನ ಯಜಮಾನರು ತರಗತಿಯ ಬಾಗಿಲಿಗೆ ಬಂದು ನಿಂತರು.

"ಟೀಚರಮ್ಮ, ಅವಳನ್ನ ಕಳಿಸಿಬಿಡಿ. ಇಲ್ಲಾಂದ್ರೆ ನಾಳೆಯಿಂದ ಒಂದು ಮಗೂನೂ ಬರಲ್ಲ."

"ಬರದೇ ಇದ್ರೆ ಅವಳೊಬ್ಬಳಿಗೇ ಪಾಠ ಮಾಡ್ತೀನಿ."

"ಬಂದೂಕು ಹಿಡಿದ ಕೈ ಅದು. ನನ್ನ ಮಗಳೂ ಇದೇ ಕ್ಲಾಸಲ್ಲಿ ಇದ್ದಾಳೆ."

"ಬೆಳಿಗ್ಗೆ ಅದೇ ಕೈಲಿ ನನಗೆ ಬೋರ್ಡು ಒರೆಸಿಕೊಟ್ಟಳು, ಯಜಮಾನರೇ."

ಅಷ್ಟರಲ್ಲಿ ಹುಡುಗಿ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಳು. ಯಜಮಾನರ ಮಗಳು ತನ್ನ ಬೆಂಚಿನಲ್ಲಿ ಸರಿದು ಜಾಗ ಮಾಡಿ, ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಏಳೇ, ಮನೆಗೆ ನಡಿ," ಎಂದು ಯಜಮಾನರು ಮಗಳನ್ನು ಗದರಿದರು.

"ಬರಲ್ಲ ಅಪ್ಪ," ಎಂದಳು ಮಗಳು, ಕೂತಲ್ಲಿಂದಲೇ. "ಅವತ್ತು ಕಾಡಿನವರು ಬಂದಾಗ ನನ್ನನ್ನ ಕಣಜದೊಳಗೆ ಬಚ್ಚಿಟ್ಟು, ದೊಡ್ಡಪ್ಪ ಸತ್ತ ಮೇಲೆ ನಮ್ಮನೇಲಿದ್ದ ಈ ಅಕ್ಕನ್ನ ನಿನ್ನ ಮಗಳು ಅಂತ ಹೇಳಿ ಅವರ ಕೈಗೆ ಕೊಟ್ಟಿದ್ದು ನೀನೇ."