ಕರ್ನಲ್‌ನ ಕೊನೆಯ ಮಾತು

ಕರ್ನಲ್ ಇಬಾರೋಲಾ ಗುಂಡು ತಗುಲಿ ನೆಲಕ್ಕುರುಳಿ ಎರಡು ನಿಮಿಷವಾಗಿತ್ತು. ಅವನ ಕೊನೆಯ ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಚೌಕದ ಸುತ್ತ ನೆರೆದ ಊರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಿತ್ತು. ಮರಕ್ಕೆ ಕಟ್ಟಿದ್ದ ಧ್ವನಿವರ್ಧಕ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕರೆಂಟು ಹೋಗಿತ್ತು.

ಮುಂದಿನ ಸಾಲಿನಲ್ಲಿದ್ದ ಪೆತ್ರೋನಾ ಧ್ವನಿವರ್ಧಕದತ್ತ ತಲೆಯೆತ್ತಿದಳು. ಕೆಂಪು ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ ಆ ಕರ್ನಲ್ ಅವಳ ಗಂಡ ಎವಾರಿಸ್ತೊ, ಊರಿನ ಕ್ಷೌರಿಕ. ಕರ್ನಲ್‌ನ ದಿನಾಚರಣೆಯ ನಾಟಕದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನೇ ಸಾಯುತ್ತಿದ್ದ. ಗುಂಡಿನ ಸದ್ದಿಗೆ ಎದೆ ಹಿಡಿದುಕೊಂಡು ಬಿದ್ದು, ಒಂದು ಕೈ ಮೇಲೆತ್ತಿ, ಪರಾಗ್ವೆಯ ಆ ಮೂಲೆಯಲ್ಲಿ ಹುಟ್ಟಿದವರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮಾತನ್ನು ಕಂಚಿನ ಕಂಠದಲ್ಲಿ ಹೇಳುತ್ತಿದ್ದ: "ಈ ನೆಲದ ಮೇಲೆ ಮಲಗಿದವನಿಗೆ ಸಾವಿಲ್ಲ!"

ಎಂಟು ತಿಂಗಳ ಹಿಂದೆ, ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿರುವಾಗಲೇ ಅವನಿಗೆ ಲಕ್ವ ಹೊಡೆದಿತ್ತು. ಕಾಲು ಸರಿಹೋಯಿತು, ಕೈಯೂ ಮುಕ್ಕಾಲು ಪಾಲು ಮರಳಿತು. ಮಾತು ಮರಳಲಿಲ್ಲ. ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುತ್ತಿದ್ದ ಮನುಷ್ಯ ದಿನವಿಡೀ ಅಂಗಳದಲ್ಲಿ ಕೂತು, ತೆರೆರೆ ಎಂಬ ತಣ್ಣನೆಯ ಎಲೆಕಷಾಯ ಹೀರುತ್ತ, ರಸ್ತೆ ನೋಡುವಂತಾಯಿತು. ಈ ವರ್ಷ ಬೇರೆ ಯಾರಾದರೂ ಸಾಯಲಿ ಎಂದು ಪೆತ್ರೋನಾ ಹೇಳಿಕಳಿಸಿದ್ದಳು. ಆದರೆ ಎವಾರಿಸ್ತೊ ಟ್ರಂಕಿನಿಂದ ಕರ್ನಲ್‌ನ ಉಣ್ಣೆ ಕೋಟು ತೆಗೆದು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತುಬಿಟ್ಟ. ಸಂಜೆಯಾದರೂ ಬಿಚ್ಚಲಿಲ್ಲ.

ಇದಕ್ಕೊಂದು ದಾರಿ ಹುಡುಕಿದವಳು ಒಬ್ದುಲಿಯಾ ಟೀಚರ್. ಊರಿನ ಇತಿಹಾಸದ ಪುಸ್ತಕ ಬರೆದವಳು ಅವಳೇ. ಅದರಲ್ಲಿ ಒಂದು ಅಲ್ಪವಿರಾಮ ಅಲುಗಿದರೂ ಸಹಿಸುವವಳಲ್ಲ.

"ಅವನು ಬೀಳ್ಲಿ, ಸುಮ್ನೆ ಬಾಯಿ ಆಡಿಸ್ಲಿ. ಮಾತು ನಾನು ಮೈಕಲ್ಲಿ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

"ಎಲ್ರಿಗೂ ಗೊತ್ತಾಗತ್ತೆ ಟೀಚರ್. ಜನ ಏನಾದ್ರೂ ನಕ್ಕರೆ ಅವನು ಇನ್ನು ಮನೆಯಿಂದ ಆಚೆನೇ ಬರಲ್ಲ."

"ನಗ್ಲಿ ನೋಡೋಣ. ನಾನಿದೀನಿ."

ಈಗ ಟೀಚರ್ ಜೀವವಿಲ್ಲದ ಮೈಕನ್ನು ಬಡಿದಳು, ಊದಿದಳು, ಮತ್ತೆ ಬಡಿದಳು. ನೆಲದ ಮೇಲೆ ಎವಾರಿಸ್ತೊ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಪೆತ್ರೋನಾ ಬೀಸಣಿಗೆಯನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಗಂಡನ ಮುಖ ವಿಚಿತ್ರವಾಗಿ ಕಿವುಚಿಕೊಂಡಿತು. ಎಡಗಾಲು ಅದುರಿತು, ಆಮೇಲೆ ಬಲಗಾಲು. ದೇವರೇ, ಮತ್ತೆ ಲಕ್ವ ಹೊಡೆಯಿತು ಎಂದುಕೊಂಡಳು. ಅವನತ್ತ ಎರಡು ಹೆಜ್ಜೆ ಇಟ್ಟಿರಬೇಕು, ಸಾಯುತ್ತಿದ್ದ ಕರ್ನಲ್ ದಡಕ್ಕನೆ ಎದ್ದು ಕೂತ.

"ಅಯ್ಯಯ್ಯೋ, ಈ ನೆಲದ ತುಂಬ ಇರುವೆ ಕಣ್ರೋ! ಚಡ್ಡಿ ಒಳಗೆ ಹೊಕ್ಕಿದಾವೆ! ಎಬ್ಬಿಸ್ರೋ ನನ್ನ!"

ಅದೇ ಕಂಚಿನ ಕಂಠ. ಇಗರ್ಜಿಯ ಗೋಡೆಗೆ ಬಡಿದು ಹಿಂದಕ್ಕೆ ಬಂತು. ಆಮೇಲೆ ಅವನನ್ನು ಕೊಂದಿದ್ದ ಶತ್ರು ಸೈನಿಕನೇ ಬಂದೂಕು ಬಿಸಾಡಿ ಓಡಿಬಂದು ಬೂಟು ಎಳೆಯತೊಡಗಿದ. ಇನ್ನಿಬ್ಬರು ಕೋಟು ಬಿಚ್ಚಿ ಒದರಿದರು. ಊರಿಗೆ ಊರೇ ಚಪ್ಪಾಳೆ ತಟ್ಟಿ ಹೋ ಎಂದು ಕೂಗಿತು. ಪೆತ್ರೋನಾ ಮಣ್ಣಿನಲ್ಲೇ ಮಂಡಿಯೂರಿದಳು.

"ಏನಂದೆ? ಇನ್ನೊಂದ್ಸಲ ಹೇಳು."

ಎವಾರಿಸ್ತೊ ತನ್ನ ತುಟಿಯನ್ನು ಮುಟ್ಟಿ ನೋಡಿಕೊಂಡ. "ಇ... ಇರು..." ಎಂದು ತೊದಲಿ ನಿಂತ. ಹಣೆಯಿಂದ ಬೆವರಿಳಿಯಿತು. ಬಂದದ್ದು ಮತ್ತೆ ಹೋಯಿತೇ ಎಂದು ಅವಳು ಗಾಬರಿಯಾಗುವಷ್ಟರಲ್ಲಿ ಅವನು ಸಿಡುಕಿದ: "ಇಲ್ಲಿ... ಕಚ್ತಾ ಇದಾವೆ... ನಿಂಗೆ... ನಗು!"

"ನಗ್ತಾ ಇಲ್ಲ ಕಣೋ" ಎಂದು ನಗುತ್ತಲೇ ಪೆತ್ರೋನಾ ಅವನ ಕತ್ತಿನ ಮೇಲಿನ ಇರುವೆ ಕೊಡವಿದಳು.

ಅಷ್ಟರಲ್ಲಿ ಜನ ಅತ್ತಿತ್ತ ಸರಿದು ದಾರಿ ಬಿಟ್ಟರು. ಒಬ್ದುಲಿಯಾ ಟೀಚರ್ ಬಂದು ನಿಂತಳು, ಮುಖ ಕೆಂಪಗೆ.

"ಏನ್ ಟೀಚರ್, ಪುಸ್ತಕ ತಿದ್ದಬೇಕಾಗತ್ತೇನೋ!" ಎಂದ ಅಂಚೆಯ ಕ್ರಿಸ್ಪುಲೊ, ಗುಂಪಿನ ಹಿಂದಿನಿಂದ. ಎಲ್ಲರೂ ನಗು ನುಂಗಿಕೊಂಡರು.

ಟೀಚರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬಗ್ಗಿ ಆ ನೆಲವನ್ನು ನಿಧಾನವಾಗಿ ನೋಡಿದಳು.

"ಕರ್ನಲ್ ಬಿದ್ದಿದ್ದೂ ಇದೇ ಜಾಗದಲ್ಲಿ" ಎಂದಳು. "ಅವತ್ತು ಇರುವೆ ಇರ್ಲಿಲ್ಲ ಅಂತ ನಾನೆಲ್ಲೂ ಬರ್ದಿಲ್ಲ."

ಗಂಡ ಹೆಂಡತಿ ಹೊರಟಾಗ ಬಿಸಿಲು ನೆತ್ತಿಗೇರಿತ್ತು. ಎವಾರಿಸ್ತೊ ಒಂದೊಂದೇ ಪದ ಹೆಕ್ಕಿ ಬೈಯುತ್ತಿದ್ದ: ಇರುವೆಗಳನ್ನು, ಕೋಟನ್ನು, ಕರೆಂಟನ್ನು, ಬೂಟು ಕಳಚಲು ಒದ್ದಾಡಿದ ಸೈನಿಕನನ್ನು. ಕೆಲವು ಪದ ಸಿಗುತ್ತಿರಲಿಲ್ಲ. ಆಗ ನಿಂತು, ಕಣ್ಣು ಮುಚ್ಚಿ ಹುಡುಕಿ, ಸಿಕ್ಕ ಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದ. ಇಗರ್ಜಿಯ ಮೂಲೆಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಮನೆ ಐದೇ ನಿಮಿಷ, ಬಲಕ್ಕೆ ಹೋದರೆ ಊರೆಲ್ಲ ಸುತ್ತಬೇಕು. ಪೆತ್ರೋನಾ ಅವನ ತೋಳು ಹಿಡಿದು ಬಲಕ್ಕೆ ತಿರುಗಿದಳು.