ಒಡಪಿನ ಸಿಡಿ

ಮರುದಿನ ಮಗಳನ್ನು ಕೊಟ್ಟ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ತಮ್ಮ ಮದುವೆಯ ಹಳೆಯ ಸಿಡಿ ಹೊಸ ಟಿವಿಯಲ್ಲಿ ಓಡುವಂತೆ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬರಲು ಹೆಂಡತಿ ಅವನನ್ನು ಸ್ಟುಡಿಯೋಗೆ ಕಳಿಸಿದ್ದಳು.

"ಓಡೂದು ಬ್ಯಾಡ್ರಿ," ಎಂದ ಅವನು ಸ್ಟುಡಿಯೋದವನಿಗೆ ತಗ್ಗಿದ ದನಿಯಲ್ಲಿ. "ಸಿಡಿ ಕೆಟ್ಟೈತಿ ಅಂತ ಹೇಳಿಬಿಡ್ರಿ."

"ಯಾಕ್ರಿ?"

"ಮದುವ್ಯಾಗ ಒಡಪು ಹಾಕಿ ಹೆಂಡ್ತಿ ಹೆಸರು ಹೇಳು ಅಂದ್ರ, ಗಾಬರ್ಯಾಗಿ ಆಕಿ ತಂಗಿ ಹೆಸರು ಹೇಳಿಬಿಟ್ಟೀನ್ರಿ. ಹೊಸ ಬೀಗರ ಮುಂದ ಮಾನ ಹೋಗ್ತೈತಿ."

"ನಿಮ್ಮನಿ ಅಕ್ಕಾರು ಹೋದ ತಿಂಗಳನ ಪೆನ್‌ಡ್ರೈವ್ ಮಾಡಿಸ್ಕೊಂಡು ಹೋಗ್ಯಾರಲ್ರಿ. ಮೊಬೈಲ್‌ದಾಗೂ ಓಡ್ತೈತಿ."

"ಮತ್ತ ನನ್ನನ್ನ ಯಾಕ ಕಳಿಸ್ಯಾಳ?"

ಸ್ಟುಡಿಯೋದವನು ಗೋಡೆಯ ಮೇಲಿನ ಕ್ಯಾಮೆರಾದತ್ತ ಬೆರಳು ತೋರಿಸಿದ.

"ನೀವು ಇಲ್ಲಿ ಬಂದು ಅಂದದ್ದನ್ನೆಲ್ಲ ವಿಡಿಯೋದ ಕಡೀಗೆ ಜೋಡಸು ಅಂದಾರ್ರಿ. ಅತ್ತಾಗ ನೋಡಿ ಸ್ವಲ್ಪ ನಗ್ರಿ."